ದೂರದ ರಣಭೂಮಿಯಿಂದ ಮನೆಗೆ ಬಂದ ಓಲೆಗಳು

ಯಾವುದೇ ಧರ್ಮಕೇಂದ್ರದ ಇತಿಹಾಸವನ್ನು ಬರೆಯಲು ಹೊರಟವನು ಮೊಟ್ಟಮೊದಲು ಕೈಗೆತ್ತಿಕೊಳ್ಳುವುದು ಅದರ ದಫ್ತರುಗಳನ್ನು. ಜ್ಞಾನಸ್ನಾನದ ದಫ್ತರು, ವಿವಾಹದ ದಫ್ತರು, ಮರಣದ ದಫ್ತರು, ಈ ಮೂರರ ನಡುವೆ ಒಬ್ಬ ಮನುಷ್ಯನ ಬಾಳು ಅಡಗಿರುತ್ತದೆ. ಆದರೆ ಒಬ್ಬ ತರುಣನ ಹೆಸರು ಮೊದಲನೆಯದರಲ್ಲಿ ಮಾತ್ರ ಇದ್ದು, ಉಳಿದೆರಡರಲ್ಲಿ ಎಲ್ಲಿಯೂ ಕಾಣದೆ ಹೋದರೆ ಏನೆಂದು ತಿಳಿಯಬೇಕು? ಅವನು ಬರಗಾಲದಲ್ಲಿ ಗುಳೆ ಹೋಗಿರಬಹುದು, ರೈಲಿನ ಕೆಲಸ ಹಿಡಿದು ಬೇರೆ ಊರಿನಲ್ಲಿ ನೆಲೆಸಿರಬಹುದು, ದಂಡಿಗೆ ಹೋಗಿರಲೂಬಹುದು. ಪರದೇಶದ ಮಣ್ಣಿನಲ್ಲಿ ಮಡಿದವನ ಹೆಸರು ಊರಿನ ಮರಣದ ದಫ್ತರಿಗೆ ಏರುವುದು ವಿರಳ. ಆ ಪುಸ್ತಕವು ಸಾಮಾನ್ಯವಾಗಿ ಊರಿನ ಸ್ಮಶಾನದಲ್ಲಿ ಮಣ್ಣಾದವರ ಲೆಕ್ಕವನ್ನು ಮಾತ್ರ ಇಡುತ್ತದೆ. ಹೀಗೆ ಹೋದವನ ಪಾಲಿಗೆ ದಫ್ತರಿನ ಕೆಲಸ ಮಾಡುವುದು ಅವನು ಮನೆಗೆ ಬರೆದ ಓಲೆಯೊಂದೇ.

ಶತಮಾನೋತ್ಸವದ ಈ ಸಂದರ್ಭದಲ್ಲಿ ಅಂಥ ಓಲೆಗಳ ಕಥೆಯನ್ನು ಸ್ಮರಿಸುವುದು ಉಚಿತವೆಂದು ತೋರುತ್ತದೆ. ಕ್ರೈಸ್ತರಾದ ನಮಗೆ ಓಲೆಯ ಮಹತ್ವವನ್ನು ಬೇರೆ ಯಾರೂ ಹೇಳಿಕೊಡಬೇಕಾದುದಿಲ್ಲ. ಭಾನುವಾರದ ಬಲಿಪೂಜೆಯಲ್ಲಿ ನಾವು ಕೇಳುವ ಎರಡನೆಯ ವಾಚನವು ಅನೇಕ ವೇಳೆ ಮನೆಯಿಂದ ದೂರವಿದ್ದ ಒಬ್ಬ ಮನುಷ್ಯನು ಬರೆಯಿಸಿದ ಪತ್ರವೇ ಆಗಿದೆ. ಸಂತ ಪೌಲನು ರೋಮಿನ ಸಭೆಗೆ ಬರೆದ ಪತ್ರವನ್ನು ಕೈಯಾರೆ ಬರೆದವನು ತೆರ್ತಿಯನೆಂಬ ಲಿಪಿಕಾರ. ಆ ಪತ್ರದ ಕೊನೆಯಲ್ಲಿ ಅವನೂ ತನ್ನದೊಂದು ವಂದನೆಯನ್ನು ಸೇರಿಸಿದ್ದಾನೆ. ತಿಮೊಥೆಯನಿಗೆ ಬರೆದ ಎರಡನೆಯ ಪತ್ರದಲ್ಲಿ ಸೆರೆಯಲ್ಲಿದ್ದ ಅಪೊಸ್ತಲನು, ತ್ರೋವದಲ್ಲಿ ಬಿಟ್ಟುಬಂದ ಮೇಲಂಗಿಯನ್ನೂ ಪುಸ್ತಕಗಳನ್ನೂ ತರಬೇಕೆಂದು, ಚಳಿಗಾಲಕ್ಕೆ ಮುಂಚೆ ಬಂದು ಸೇರಬೇಕೆಂದು ಕೇಳಿಕೊಳ್ಳುತ್ತಾನೆ. ಚಳಿಗೆ ಹೆದರಿ ಹೊದಿಕೆಯನ್ನು ಕೇಳುವ ಈ ಸಾಲುಗಳನ್ನು ಓದಿದವರಿಗೆ ದಂಡಿನಲ್ಲಿರುವ ಮಗನ ಪತ್ರವು ಅಪರಿಚಿತವೆನಿಸದು.

ಅಣ್ಣಿಗೇರಿಗೂ ಕಲಿಗಳ ನೆನಪಿಗೂ ಇರುವ ನಂಟು ಹಳೆಯದು. ಆದಿಕವಿ ಪಂಪನ ತಾಯಿಯ ತವರು ಈ ಊರು. ಹತ್ತನೆಯ ಶತಮಾನದ ಆ ಕವಿಯು ಅರಿಕೇಸರಿಯ ಆಸ್ಥಾನದಲ್ಲಿ ಕತ್ತಿಯನ್ನೂ ಕಂಠವನ್ನೂ ಒಟ್ಟಿಗೆ ಹಿಡಿದವನು. ಹಿಂದಿನವರು ಯುದ್ಧದಲ್ಲಿ ಮಡಿದವನಿಗೆ ವೀರಗಲ್ಲನ್ನು ನಿಲ್ಲಿಸುತ್ತಿದ್ದರು. ಅನೇಕ ಕಲ್ಲುಗಳ ಮೇಲೆ ಅವನ ಹೆಸರನ್ನೂ ಅವನು ಬಿದ್ದ ಕಾರಣವನ್ನೂ ಕೆತ್ತುತ್ತಿದ್ದರು. ಇಪ್ಪತ್ತನೆಯ ಶತಮಾನದಲ್ಲಿ ಕಡಲು ದಾಟಿ ಹೋದ ಲಕ್ಷಾಂತರ ಭಾರತೀಯ ಸಿಪಾಯಿಗಳಿಗೆ ಅಂಥ ಭಾಗ್ಯವೂ ದೊರೆಯಲಿಲ್ಲವೆಂಬುದನ್ನು ಮುಂದೆ ನೋಡೋಣ.

ಒಂದು ಓಲೆಗೆ ಎಷ್ಟು ಕೈಗಳು

1914ರ ಆಗಸ್ಟಿನಲ್ಲಿ ಮೊದಲನೆಯ ಮಹಾಯುದ್ಧವು ಆರಂಭವಾಯಿತು. ಸೆಪ್ಟೆಂಬರ್ ಕೊನೆಯ ವಾರದಲ್ಲಿಯೇ ಭಾರತದ ಮೊದಲ ಪಡೆಗಳು ಫ್ರಾನ್ಸಿನ ಮಾರ್ಸೇಲ್ಸ್ ಬಂದರಿನಲ್ಲಿ ಇಳಿದವು. ಯುದ್ಧ ಮುಗಿಯುವುದರೊಳಗೆ ಹತ್ತು ಲಕ್ಷಕ್ಕೂ ಮಿಕ್ಕ ಭಾರತೀಯರು ಕಡಲಾಚೆ ಹೋದರು. ಅವರಲ್ಲಿ ಅರವತ್ತು ಸಾವಿರಕ್ಕೂ ಹೆಚ್ಚು ಜನ ಮರಳಲಿಲ್ಲ. ಆಗ ಒಬ್ಬ ಕಾಲಾಳು ಸಿಪಾಯಿಯ ತಿಂಗಳ ಸಂಬಳ 11 ರೂಪಾಯಿ. ಚಕ್ರವರ್ತಿಯ ಮೇಲಿನ ಭಕ್ತಿಯಿಂದ ಹೋದವರೂ ಇದ್ದರು, ಮನೆತನದ ಮರ್ಯಾದೆಗಾಗಿ ಹೋದವರೂ ಇದ್ದರು; ಆದರೆ ಹೊಲದ ಸಾಲವನ್ನು ತೀರಿಸಲು ಹೋದವರ ಸಂಖ್ಯೆಯೇನೂ ಕಡಿಮೆಯಾಗಿರಲಿಲ್ಲ. ಹಾಗೆ ಹೋದವರನ್ನು ಹಣದಾಸೆಯವರೆಂದು ಕರೆಯುವುದು ಅನ್ಯಾಯ. ಬರಗಾಲವನ್ನು ಕಂಡ ಎರೆಭೂಮಿಯ ಒಕ್ಕಲುಮಕ್ಕಳಿಗೆ ಇದನ್ನು ವಿವರಿಸಬೇಕಾದುದಿಲ್ಲ.

1911ರ ಜನಗಣತಿಯ ಪ್ರಕಾರ ಭಾರತದಲ್ಲಿ ಅಕ್ಷರ ಬಲ್ಲವರು ನೂರಕ್ಕೆ ಆರು ಜನರು ಮಾತ್ರ. ಆದುದರಿಂದ ಸಿಪಾಯಿಯ ಪತ್ರವೆಂದರೆ ಬಹುಮಟ್ಟಿಗೆ ಸಿಪಾಯಿಯು ಹೇಳಿ, ಇನ್ನೊಬ್ಬನು ಬರೆದ ಪತ್ರ. ಪಲ್ಟಣದ ಗುಮಾಸ್ತನೋ ಅಕ್ಷರ ಬಲ್ಲ ಗೆಳೆಯನೋ ಬರೆದುಕೊಡಬೇಕು. ಬರೆದ ಮೇಲೆ ಪಲ್ಟಣದ ಅಧಿಕಾರಿಯು ನೋಡಬೇಕು. ಫ್ರಾನ್ಸಿನಲ್ಲಿ ಭಾರತೀಯ ಟಪಾಲನ್ನು ಪರಿಶೀಲಿಸಲೆಂದೇ ಒಂದು ಕಚೇರಿಯು ಏರ್ಪಟ್ಟಿತ್ತು; ಅದರ ಮುಖ್ಯಸ್ಥನಾಗಿದ್ದವನು ಹೋವೆಲ್ ಎಂಬ ಅಧಿಕಾರಿ. 1915ರ ಆರಂಭದ ವೇಳೆಗೆ ಅಲ್ಲಿಂದ ವಾರಕ್ಕೆ ಹತ್ತರಿಂದ ಇಪ್ಪತ್ತು ಸಾವಿರ ಪತ್ರಗಳು ಭಾರತಕ್ಕೆ ಹೊರಡುತ್ತಿದ್ದವು. ಕಡಲು ದಾಟಿ, ರೈಲು ಹತ್ತಿ, ಟಪಾಲಿನವನ ಚೀಲದಲ್ಲಿ ಊರು ಸೇರಿದ ಮೇಲೆ ಅದನ್ನು ಓದಿ ಹೇಳಲು ಮತ್ತೊಬ್ಬರು ಬೇಕು. ಶಾಲೆಯ ಮಾಸ್ತರರು, ಊರಿನ ಕುಲಕರ್ಣಿ, ಕ್ರೈಸ್ತರ ಕೇರಿಯಾದರೆ ಗುರುಗಳು ಅಥವಾ ಉಪದೇಶಿಗಳು ಓದುವ ಕೆಲಸವನ್ನು ಮಾಡುತ್ತಿದ್ದರು. ಹೀಗೆ ತಾಯಿಗೆ ಮಗನು ಹೇಳಿದ ಒಂದು ಮಾತು ನಾಲ್ಕಾರು ಕಿವಿಗಳನ್ನು ದಾಟಿ ಅವಳನ್ನು ಮುಟ್ಟುತ್ತಿತ್ತು.

ಇಂಥ ಪತ್ರದಲ್ಲಿ ಮನಸ್ಸಿನ ಮಾತನ್ನು ಹೇಳುವುದು ಹೇಗೆ? ಅದಕ್ಕೆ ಅವರು ತಮ್ಮದೇ ದಾರಿಗಳನ್ನು ಕಂಡುಕೊಂಡರು. ಕೆಲವರು ಭಾರತೀಯ ಪಡೆಯನ್ನು ಕರಿಮೆಣಸೆಂದೂ ಗೋರಾ ಪಡೆಯನ್ನು ಕೆಂಪು ಮೆಣಸೆಂದೂ ಕರೆದು, ಯಾವುದು ಎಷ್ಟು ಖರ್ಚಾಯಿತೆಂಬ ನೆಪದಲ್ಲಿ ಸಾವಿನ ಲೆಕ್ಕವನ್ನು ತಿಳಿಸಿದರು. ಸೆನ್ಸಾರರಿಗೆ ಈ ಗುಟ್ಟು ತಿಳಿಯದೆ ಇರಲಿಲ್ಲ. ಇನ್ನು ತುರ್ತಿನ ವೇಳೆಗೆ ಅಚ್ಚು ಹಾಕಿದ ಕಾರ್ಡೊಂದು ಬ್ರಿಟಿಷ್ ಸೈನ್ಯದಲ್ಲಿ ಬಳಕೆಯಲ್ಲಿತ್ತು. ತಾನು ಕ್ಷೇಮ, ತಾನು ಆಸ್ಪತ್ರೆಯಲ್ಲಿದ್ದೇನೆ, ನಿಮ್ಮ ಪತ್ರ ಮುಟ್ಟಿತು ಎಂಬಂಥ ಸಾಲುಗಳು ಅದರಲ್ಲಿ ಮೊದಲೇ ಅಚ್ಚಾಗಿರುತ್ತಿದ್ದವು. ಬೇಡವಾದುದನ್ನು ಹೊಡೆದುಹಾಕಿ ಸಹಿ ಮಾಡಬೇಕು. ತನ್ನದಾಗಿ ಒಂದು ಮಾತನ್ನು ಸೇರಿಸಿದರೂ ಕಾರ್ಡನ್ನು ನಾಶಪಡಿಸಲಾಗುವುದೆಂಬ ಎಚ್ಚರಿಕೆಯೂ ಅದರಲ್ಲೇ ಇತ್ತು. ಉಭಯ ಕುಶಲೋಪರಿ ಎಂದು ಆರಂಭಿಸಿ, ಊರಿನ ಹಿರಿಯರಿಗೆಲ್ಲ ಹೆಸರು ಹಿಡಿದು ವಂದನೆ ಹೇಳದ ಹೊರತು ಕಾಗದವೇ ಆಗದೆಂದು ತಿಳಿದಿದ್ದ ನಮ್ಮ ಜನರಿಗೆ ಅಂಥ ಕಾರ್ಡು ಎಷ್ಟು ಬರಡಾಗಿ ಕಂಡಿರಬೇಕೆಂಬುದನ್ನು ಊಹಿಸಬಹುದು.

ನಕಲು ಉಳಿಯಿತು, ಮೂಲ ಚದುರಿತು

ಈ ಸೆನ್ಸಾರ್ ಕಚೇರಿಯವರು ಮೇಲಿನವರಿಗೆ ನಿಯತವಾಗಿ ವರದಿಯನ್ನು ಕಳಿಸುತ್ತಿದ್ದರು. ಸಿಪಾಯಿಗಳ ಮನಃಸ್ಥಿತಿ ಹೇಗಿದೆ, ದಂಗೆಯ ಸುಳಿವೇನಾದರೂ ಇದೆಯೇ ಎಂಬುದನ್ನು ತಿಳಿಸಲು ಪತ್ರಗಳ ಆಯ್ದ ಭಾಗಗಳನ್ನು ಇಂಗ್ಲಿಷಿಗೆ ಅನುವಾದಿಸಿ ಜೊತೆಗೆ ಇಡುತ್ತಿದ್ದರು. ಆ ವರದಿಗಳು ಇಂದಿಗೂ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ಅವುಗಳಿಂದ ಆಯ್ದ ಪತ್ರಗಳನ್ನು ಇತಿಹಾಸಕಾರ ಡೇವಿಡ್ ಓಮಿಸಿ 1999ರಲ್ಲಿ ಪುಸ್ತಕವಾಗಿ ಹೊರತಂದರು. ಸಂಶಯದಿಂದ ಪತ್ರವನ್ನು ಒಡೆದವರ ನಕಲು ಹೀಗೆ ಭದ್ರವಾಗಿ ಉಳಿದಿದೆ. ಪ್ರೀತಿಯಿಂದ ಎದೆಗೊತ್ತಿಕೊಂಡವರ ಮೂಲ ಪ್ರತಿಗಳಲ್ಲಿ ಬಹುಪಾಲು ಗೆದ್ದಲಿಗೂ ಮಳೆಗೂ ಒಲೆಗೂ ಹೋದವು.

ಉಳಿದ ನಕಲುಗಳಿಂದ ತಿಳಿಯುವುದೇನು? ಹೋರಾಟದ ವರ್ಣನೆಗಿಂತ ಮನೆಯ ಚಿಂತೆಯೇ ಅವುಗಳಲ್ಲಿ ಹೆಚ್ಚು. ಮಳೆ ಹೇಗಿದೆ, ಎತ್ತು ಹೇಗಿವೆ, ವ್ಯಾಜ್ಯ ಎಲ್ಲಿಗೆ ಬಂತು, ತಂಗಿಯ ಮದುವೆ ಎಂದು ಎಂಬ ವಿಚಾರಣೆಗಳು. ಜೊತೆಗೆ ಹೊಸ ನಾಡನ್ನು ಕಂಡ ಬೆರಗು. ಗಂಡಸರು ಯುದ್ಧಕ್ಕೆ ಹೋದ ಫ್ರಾನ್ಸಿನ ಹಳ್ಳಿಗಳಲ್ಲಿ ಹೆಂಗಸರೇ ಹೊಲವನ್ನು ಉತ್ತು ಬಿತ್ತುವುದನ್ನು ಕಂಡವರು, ನಮ್ಮ ಹೆಣ್ಣುಮಕ್ಕಳಿಗೂ ಓದು ಕಲಿಸಿರೆಂದು ಮನೆಗೆ ಬರೆಯಿಸಿದರು. ಒಡವೆಗೂ ಮದುವೆಗೂ ಮಾಡುವ ಸಾಲವನ್ನು ಬಿಡಿರೆಂದು ಬುದ್ಧಿ ಹೇಳಿದರು. ಕುದುರೆ ಪಡೆಯವರು ಚಳಿಗಾಲದಲ್ಲಿ ಫ್ರಾನ್ಸಿನ ಒಕ್ಕಲಿಗರ ಮನೆಗಳಲ್ಲಿ ಬಿಡಾರ ಮಾಡಿದಾಗ, ಯುದ್ಧದಲ್ಲಿ ಸ್ವಂತ ಮಕ್ಕಳನ್ನು ಕಳೆದುಕೊಂಡ ಮುದುಕಿಯರು ತಮ್ಮನ್ನು ಮಗನಂತೆ ಕಂಡರೆಂದು ಕೃತಜ್ಞತೆಯಿಂದ ಬರೆಯಿಸಿದವರೂ ಇದ್ದರು. ಸಿಖ್ಖರೂ ಮುಸಲ್ಮಾನರೂ ಹಿಂದೂಗಳೂ ಆದ ಆ ಯೋಧರಿಗೆ ಅನ್ನವಿಕ್ಕಿದ ಆ ಮುದುಕಿಯರು ಬಹುಪಾಲು ನಮ್ಮ ಕಥೋಲಿಕ ಧರ್ಮಸಭೆಯವರೇ ಎಂಬುದನ್ನು ಇಲ್ಲಿ ನೆನೆಯಬಹುದು.

ನಮ್ಮ ಸೀಮೆಯ ದಂಡಾಳುಗಳು ಹೋದ ದಾರಿ

ಧಾರವಾಡ ಜಿಲ್ಲೆಯು ಆಗ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. ಅಣ್ಣಿಗೇರಿಯ ವಿಳಾಸವನ್ನು ಬರೆಯುವಾಗ ತಾಲೂಕಾ ನವಲಗುಂದ, ಜಿಲ್ಲಾ ಧಾರವಾಡ ಎಂದು ಬರೆಯುವ ಕಾಲವದು. ಈ ಪ್ರಾಂತ್ಯದ ಪ್ರಮುಖ ಪದಾತಿ ದಳಗಳೆಂದರೆ ಮರಾಠಾ ಪಲ್ಟಣಗಳು. ಆ ದಳದ ತರಬೇತಿ ಕೇಂದ್ರವು 1922ರಲ್ಲಿ ಬೆಳಗಾವಿಗೆ ಬಂದು ನೆಲೆಸಿತು. ಇಂದಿಗೂ ಅದು ಅಲ್ಲಿಯೇ ಇದೆ.

ಮರಾಠಾ ಪಲ್ಟಣಗಳಲ್ಲಿ ಹೆಚ್ಚಿನವು ಹೋದದ್ದು ಫ್ರಾನ್ಸಿಗಲ್ಲ, ಇಂದು ಇರಾಕ್ ಎನಿಸಿಕೊಂಡಿರುವ ಮೆಸೊಪೊಟೇಮಿಯಾಕ್ಕೆ. ಈ ಭೇದವು ಮುಖ್ಯವಾದುದು. ಲಂಡನ್ನಿನಲ್ಲಿ ಉಳಿದ ಆ ವರದಿಗಳು ಪ್ರಧಾನವಾಗಿ ಫ್ರಾನ್ಸಿನ ಪಡೆಗಳವು. ಬಸ್ರಾದ ದಾರಿಯಲ್ಲಿ ಹೋದವರ ಮಾತು ಉಳಿಯಬೇಕಾದರೆ ಮನೆಯವರ ಪೆಟ್ಟಿಗೆಯಲ್ಲಿಯೇ ಉಳಿಯಬೇಕು.

1915ರ ಡಿಸೆಂಬರಿನಲ್ಲಿ ಟೈಗ್ರಿಸ್ ನದಿಯ ದಂಡೆಯ ಕುತ್ ಎಂಬ ಊರಿನಲ್ಲಿ ತುರ್ಕರು ಬ್ರಿಟಿಷ್ ಮತ್ತು ಭಾರತೀಯ ಸೈನ್ಯವನ್ನು ಮುತ್ತಿದರು. ಮುತ್ತಿಗೆಗೆ ಸಿಕ್ಕವರಲ್ಲಿ 103, 110 ಮತ್ತು 117ನೆಯ ಮರಾಠಾ ಪಲ್ಟಣಗಳಿದ್ದವು. ಸುಮಾರು ಐದು ತಿಂಗಳು ಹಸಿವಿನಲ್ಲಿ ಕಳೆದವು. ಕುದುರೆಯ ಮಾಂಸವನ್ನು ತಿನ್ನಲು ಧರ್ಮ ಒಪ್ಪದೆಂದು ಅನೇಕ ಭಾರತೀಯ ಸಿಪಾಯಿಗಳು ಬಹುಕಾಲ ನಿರಾಕರಿಸಿದರು. 1916ರ ಏಪ್ರಿಲ್ 29ರಂದು ಸೈನ್ಯವು ಶರಣಾಯಿತು. ಸುಮಾರು ಹದಿಮೂರು ಸಾವಿರ ಜನ ಸೆರೆಯಾದರು. ಮರುಭೂಮಿಯ ನಡಿಗೆಯಲ್ಲಿಯೂ ರಾಸ್ ಅಲ್ ಐನ್ ಎಂಬಲ್ಲಿ ರೈಲುದಾರಿಯ ದುಡಿಮೆಯಲ್ಲಿಯೂ ಬಹುಮಂದಿ ಅಳಿದರು.

ಅದೇ ಕುತ್‌ನಲ್ಲಿ ಸೆರೆಸಿಕ್ಕವರಲ್ಲಿ ಬಂಗಾಳದ ಕಲ್ಯಾಣ ಕುಮಾರ ಮುಖರ್ಜಿ ಎಂಬ ತರುಣ ವೈದ್ಯಾಧಿಕಾರಿಯೂ ಇದ್ದನು. ಅವನು ರಣರಂಗದಿಂದ ಮನೆಗೆ ಎಡೆಬಿಡದೆ ಪತ್ರಗಳನ್ನು ಬರೆಯುತ್ತಿದ್ದನು. ಮೊದಮೊದಲು ಉತ್ಸಾಹದಿಂದ ಕೂಡಿದ್ದ ಅವನ ಬರಹ, ಗಾಯಾಳುಗಳನ್ನು ಕಂಡಂತೆಲ್ಲ ಗಂಭೀರವಾಗಿ, ದೇಶಾಭಿಮಾನದ ಹೆಸರಿನಲ್ಲಿ ಇನ್ನೊಬ್ಬರ ನಾಡನ್ನು ಕಸಿಯುವುದು ಯಾವ ನ್ಯಾಯವೆಂದು ಕೇಳುವ ಮಟ್ಟಕ್ಕೆ ಬೆಳೆಯಿತು. 1917ರಲ್ಲಿ ಅವನು ರಾಸ್ ಅಲ್ ಐನ್‌ನಲ್ಲಿಯೇ ತೀರಿಕೊಂಡನು. ಮುಪ್ಪಿನಲ್ಲಿದ್ದ ಅವನ ಅಜ್ಜಿ ಮೋಕ್ಷದಾ ದೇವಿಯವರು ಆ ಪತ್ರಗಳನ್ನು ಕೂಡಿಹಾಕಿ, ಮೊಮ್ಮಗನ ಚರಿತ್ರೆಯನ್ನು ಬರೆದು, 1928ರಲ್ಲಿ ‘ಕಲ್ಯಾಣ ಪ್ರದೀಪ’ವೆಂಬ ಗ್ರಂಥವಾಗಿ ಪ್ರಕಟಿಸಿದರು. ಅದೇ ಮುತ್ತಿಗೆ, ಅದೇ ಹಸಿವು, ಅದೇ ಮರುಭೂಮಿ ಮರಾಠಾ ಪಲ್ಟಣಗಳ ಸಿಪಾಯಿಗಳದೂ ಆಗಿತ್ತು. ಆದರೆ ಪತ್ರಗಳನ್ನು ಕಾದಿಟ್ಟ ಒಬ್ಬ ಅಜ್ಜಿಯಿಂದಾಗಿ ಬಂಗಾಳದ ಆ ತರುಣನು ಇಂದಿಗೂ ಮಾತನಾಡುತ್ತಿದ್ದಾನೆ.

ಕನ್ನಡ ನಾಡಿನ ದಕ್ಷಿಣ ಭಾಗದಿಂದ ಮೈಸೂರು ಸಂಸ್ಥಾನದ ಲ್ಯಾನ್ಸರ್ಸ್ ಎಂಬ ಅಶ್ವದಳವು 1914ರಲ್ಲಿ ಈಜಿಪ್ಟಿಗೆ ಹೊರಟಿತು. ಸುಯೆಜ್ ಕಾಲುವೆಯನ್ನು ಕಾದು, ಮುಂದೆ ಪವಿತ್ರ ನಾಡನ್ನು ಪ್ರವೇಶಿಸಿ, 1918ರ ಸೆಪ್ಟೆಂಬರ್ 23ರಂದು ಜೋಧಪುರದ ಸವಾರರೊಡನೆ ಹೈಫಾ ಪಟ್ಟಣವನ್ನು ಗೆದ್ದಿತು. ಪಟ್ಟಣದ ಮೇಲ್ಗಡೆಯಲ್ಲಿ ಕಾರ್ಮೆಲ್ ಬೆಟ್ಟ. ಅದರ ಮೇಲಿದ್ದ ಫಿರಂಗಿಗಳ ಮೇಲೆ ಏರಿಹೋದವರಲ್ಲಿ ಮೈಸೂರಿನ ಸವಾರರೂ ಇದ್ದರು. ಪ್ರವಾದಿ ಎಲೀಯನ ತಪೋಭೂಮಿ, ಕಾರ್ಮೆಲ್ ಮಾತೆಯ ಉತ್ತರೀಯವನ್ನು ಧರಿಸುವ ನಮ್ಮೆಲ್ಲರಿಗೂ ಪೂಜ್ಯವಾದ ಬೆಟ್ಟವದು. ಕನ್ನಡ ನಾಡಿನ ಕುದುರೆಗಳು ಅದನ್ನು ಏರಿದವೆಂಬುದು ನಮ್ಮಲ್ಲಿ ಎಷ್ಟು ಜನರಿಗೆ ತಿಳಿದಿದೆ? ದಿಲ್ಲಿಯ ತೀನ್ ಮೂರ್ತಿಯಲ್ಲಿ ನಿಂತ ಮೂವರು ಯೋಧರ ಪ್ರತಿಮೆಗಳಲ್ಲಿ ಒಂದು ಮೈಸೂರಿನದು.

ಮನೆಯಿಂದ ಹೋದ ಓಲೆಗಳು

ಸಿಪಾಯಿಯ ಕ್ಷೇಮಕ್ಕಾಗಿ ಮನೆಯವರು ಕಾದರೆಂದು ಮಾತ್ರ ನಾವು ತಿಳಿದಿರುತ್ತೇವೆ. ಮನೆಯ ಕ್ಷೇಮಕ್ಕಾಗಿ ಸಿಪಾಯಿಯು ಕಾದದ್ದೂ ಅಷ್ಟೇ ನಿಜ. 1918ರಲ್ಲಿ ಇನ್‌ಫ್ಲುಯೆಂಜಾ ಜ್ವರವು ಮುಂಬಯಿಯ ಮೂಲಕ ನಾಡನ್ನು ಹೊಕ್ಕಿತು. ಅದೇ ವರ್ಷ ಮಳೆಯೂ ಕೈಕೊಟ್ಟಿತು. ಭಾರತದಲ್ಲಿ ಆ ರೋಗಕ್ಕೆ ಒಂದು ಕೋಟಿಗೂ ಮಿಕ್ಕು ಜನ ಬಲಿಯಾದರು. ಮುಂಬಯಿ ಪ್ರಾಂತ್ಯವೊಂದರಲ್ಲಿಯೇ ಸತ್ತವರು ಹತ್ತು ಲಕ್ಷಕ್ಕೆ ಕಡಿಮೆಯಿಲ್ಲ. ಯುದ್ಧದಲ್ಲಿ ಮಡಿದ ಭಾರತೀಯರ ನೂರು ಪಟ್ಟಿಗಿಂತ ಹೆಚ್ಚು ಜನ ಮನೆಗಳಲ್ಲಿ ಮಡಿದರು. ಗುಂಡಿನ ನಡುವೆ ಬದುಕಿ ಉಳಿದವನಿಗೆ ಊರಿನಿಂದ ಮೂಲೆ ಹರಿದ ಕಾರ್ಡು ಹೋಗುವ ಸಂದರ್ಭಗಳು ಆಗ ಒದಗಿದವು.

ಸಾವಿನ ಈ ಸುಗ್ಗಿಯಲ್ಲಿ ಧರ್ಮಸಭೆಯು ಸುಮ್ಮನಿರಲಿಲ್ಲ. ವಿಶ್ವಗುರು ಹದಿನೈದನೆಯ ಬೆನೆಡಿಕ್ಟರು ಸೆರೆಯಾಳುಗಳ ಹಾಗೂ ಕಾಣೆಯಾದವರ ಸುದ್ದಿಯನ್ನು ಮನೆಯವರಿಗೆ ತಲುಪಿಸಲು ವ್ಯವಸ್ಥೆ ಮಾಡಿದರು. 1917ರ ಆಗಸ್ಟ್ 1ರ ಪತ್ರದಲ್ಲಿ ಕಾದಾಡುವ ರಾಷ್ಟ್ರಗಳ ನಾಯಕರನ್ನು ಶಾಂತಿಗೆ ಕರೆದರು. 1915ರ ಆಗಸ್ಟ್ 10ರಂದು, ಯುದ್ಧದಲ್ಲಿ ಸತ್ತ ಅಸಂಖ್ಯ ಜನರನ್ನು ಮನಸ್ಸಿನಲ್ಲಿಟ್ಟುಕೊಂಡು, ನವೆಂಬರ್ 2ರ ಸಕಲ ಮೃತರ ದಿನದಂದು ಪ್ರತಿಯೊಬ್ಬ ಗುರುವೂ ಮೂರು ಬಲಿಪೂಜೆಗಳನ್ನು ಅರ್ಪಿಸಬಹುದೆಂಬ ಅನುಮತಿಯನ್ನು ಜಗತ್ತಿನ ಎಲ್ಲೆಡೆಗೂ ನೀಡಿದರು. ಆ ಅನುಮತಿಯ ಹಿಂದೆ ಹೆಸರಿಲ್ಲದೆ ಹೂಳಲ್ಪಟ್ಟ ಸಿಪಾಯಿಗಳಿದ್ದಾರೆಂಬುದನ್ನು ನಾವು ಬಹುಮಟ್ಟಿಗೆ ಮರೆತಿದ್ದೇವೆ.

ಎರಡನೆಯ ಮಹಾಯುದ್ಧ ಮತ್ತು ಆಮೇಲೆ

ಎರಡನೆಯ ಮಹಾಯುದ್ಧದಲ್ಲಿ ಭಾರತೀಯ ಸೈನ್ಯವು 25 ಲಕ್ಷದಷ್ಟು ಬೆಳೆಯಿತು. ಮರಾಠಾ ದಳದವರು 1941ರಲ್ಲಿ ಎರಿಟ್ರಿಯಾದ ಕೆರೆನ್ ಬೆಟ್ಟಗಳಲ್ಲಿ ಕಾದಿದರು. 1942ರ ಜೂನ್ 21ರಂದು ಟೋಬ್ರುಕ್ ಬಿದ್ದಾಗ ಆ ದಳದ ಒಂದು ಪಲ್ಟಣವು ಸೆರೆಯಾಯಿತು. 1944ರ ಜುಲೈ 10ರಂದು ಇಟಲಿಯ ಟೈಬರ್ ಕಣಿವೆಯಲ್ಲಿ ನಾಯಕ್ ಯಶವಂತ ಘಾಡ್ಗೆ ಪ್ರಾಣವನ್ನರ್ಪಿಸಿ ವಿಕ್ಟೋರಿಯಾ ಕ್ರಾಸ್ ಪದಕವನ್ನು ಪಡೆದನು. ಅವನ ನೆನಪಿಗಾಗಿ 2023ರಲ್ಲಿ ಅಲ್ಲಿಯ ಮೊಂತೋನೆ ಊರಿನವರ ನೆರವಿನಿಂದ ಸ್ಮಾರಕವೊಂದು ನಿರ್ಮಾಣವಾಗಿದೆ.

ಸೆರೆಯಾದವರ ಮನೆಗಳಲ್ಲಿ ತಿಂಗಳುಗಟ್ಟಲೆ ಮೌನ. ಆಗ ವ್ಯಾಟಿಕನ್ ತನ್ನ ಮಾಹಿತಿ ಕಚೇರಿಯ ಮೂಲಕ ದೇಶ, ಜಾತಿ, ಮತಗಳ ಭೇದವಿಲ್ಲದೆ ಕಾಣೆಯಾದವರನ್ನು ಹುಡುಕಿತು. ವ್ಯಾಟಿಕನ್ ರೇಡಿಯೊ 1940ರಿಂದ 1946ರವರೆಗೆ ಹನ್ನೆರಡು ಲಕ್ಷಕ್ಕೂ ಮಿಕ್ಕ ಸಂದೇಶಗಳನ್ನು ಬಿತ್ತರಿಸಿತು. ಓಲೆಯು ತಲುಪದ ಕಡೆಗೆ ದನಿಯಾದರೂ ತಲುಪಲೆಂಬ ಪ್ರಯತ್ನವದು.

ಸ್ವಾತಂತ್ರ್ಯಾನಂತರ ನಮ್ಮ ಸೈನಿಕರು ಕಡಲಾಚೆ ಹೋದದ್ದು ಹೆಚ್ಚಾಗಿ ಶಾಂತಿಪಾಲನೆಗೆ. ಕೊಡಗಿನ ಜನರಲ್ ತಿಮ್ಮಯ್ಯನವರು 1953ರಲ್ಲಿ ಕೊರಿಯಾದ ಯುದ್ಧ ಕೈದಿಗಳ ಬಿಡುಗಡೆಗೆ ನೇಮಕವಾದ ಆಯೋಗದ ಅಧ್ಯಕ್ಷರಾಗಿದ್ದರು. 1965ರ ಡಿಸೆಂಬರಿನಲ್ಲಿ ಸೈಪ್ರಸ್ಸಿನಲ್ಲಿ ವಿಶ್ವಸಂಸ್ಥೆಯ ಪಡೆಯ ದಂಡನಾಯಕರಾಗಿರುವಾಗಲೇ ತೀರಿಕೊಂಡರು. ಗಾಜಾ, ಕಾಂಗೋಗಳಿಗೂ ನಮ್ಮವರು ಹೋದರು. 1987ರಿಂದ 1990ರವರೆಗೆ ಶ್ರೀಲಂಕೆಯಲ್ಲಿ ಸಾವಿರಕ್ಕೂ ಹೆಚ್ಚು ಯೋಧರು ಮಡಿದರು. ಆ ಕಾಲದ ಸೈನಿಕರ ಪತ್ರಗಳ ಮೇಲೆ ಊರಿನ ಹೆಸರಿರುತ್ತಿರಲಿಲ್ಲ, 56 ಎ.ಪಿ.ಓ., 99 ಎ.ಪಿ.ಓ. ಎಂಬ ಅಂಕಿಗಳಷ್ಟೇ. ಮಗನು ಎಲ್ಲಿದ್ದಾನೆಂದು ತಾಯಿಗೆ ತಿಳಿಯದು. ಆದರೂ ಆ ಅಂಕಿಗೆ ಬರೆದ ಕಾಗದ ಅವನಿಗೆ ಮುಟ್ಟುತ್ತಿತ್ತು.

ಪೆಟ್ಟಿಗೆಯ ತಳದಲ್ಲಿರುವುದು

ಕೊನೆಯದಾಗಿ, ಕಲ್ಲುಗಳ ಮಾತು. ಮೊದಲನೆಯ ಯುದ್ಧದ ಬಳಿಕ ಭಾರತದ ಅನೇಕ ಹಳ್ಳಿಗಳಲ್ಲಿ ಸರಕಾರವು ಫಲಕಗಳನ್ನು ನೆಡಿಸಿತು. ಈ ಊರಿನಿಂದ ಇಷ್ಟು ಜನ ಯುದ್ಧಕ್ಕೆ ಹೋದರು, ಅವರಲ್ಲಿ ಇಷ್ಟು ಜನ ಪ್ರಾಣ ಕೊಟ್ಟರು ಎಂದು ಅವುಗಳಲ್ಲಿ ಬರೆದಿದೆ. ಯಾರು ಎಂಬುದನ್ನು ಬರೆದಿಲ್ಲ. ಇರಾಕಿನ ಬಸ್ರಾ ಸ್ಮಾರಕದಲ್ಲಿ ಬ್ರಿಟಿಷ್ ಸೈನಿಕರ ಹೆಸರುಗಳನ್ನೂ ಭಾರತೀಯ ಅಧಿಕಾರಿಗಳ ಹೆಸರುಗಳನ್ನೂ ಕೆತ್ತಿದರು. ಸಾಮಾನ್ಯ ಭಾರತೀಯ ಸಿಪಾಯಿಗಳನ್ನು ಪಲ್ಟಣವಾರು ಸಂಖ್ಯೆಯಾಗಿ ಮಾತ್ರ ನಮೂದಿಸಿದರು. ಕಾಮನ್‌ವೆಲ್ತ್ ಯುದ್ಧ ಸಮಾಧಿಗಳ ಆಯೋಗವು 2021ರಲ್ಲಿ ಈ ಅಸಮಾನತೆಯನ್ನು ಒಪ್ಪಿಕೊಂಡು ಕ್ಷಮೆ ಕೇಳಿತು. ನೂರು ವರ್ಷಗಳ ಬಳಿಕ ಬಂದ ಆ ಕ್ಷಮೆಯು ಸ್ವಾಗತಾರ್ಹವೇ. ಆದರೆ ಅಳಿದುಹೋದ ಹೆಸರುಗಳನ್ನು ಮತ್ತೆ ಕೊಡಬಲ್ಲವರು ಅವರಲ್ಲ. ಅದು ಮನೆಯವರಿಂದಲೇ ಆಗಬೇಕು.

ಆದುದರಿಂದ ಬಂಧುಗಳಲ್ಲಿ ಒಂದು ವಿನಂತಿ. ನಮ್ಮ ಮನೆಗಳ ಹಳೆಯ ಟ್ರಂಕುಗಳಲ್ಲಿ, ಜಪದ ಪುಸ್ತಕಗಳ ನಡುವೆ, ದೇವರ ಪಟದ ಹಿಂದೆ ದಂಡಿಗೆ ಹೋದವರ ಕಾಗದವಾಗಲಿ ಕಾರ್ಡಾಗಲಿ ಮನಿಆರ್ಡರಿನ ಚೂರಾಗಲಿ ಇದ್ದರೆ ಅದನ್ನು ಎಸೆಯಬೇಡಿರಿ. ಬರೆದವರು ಯಾರು, ಯಾರಿಗೆ ಬರೆದದ್ದು, ಎಲ್ಲಿಂದ ಬಂದದ್ದು ಎಂಬುದನ್ನು ಬಲ್ಲ ಹಿರಿಯರು ಇನ್ನೂ ಇರುವಾಗಲೇ ಕೇಳಿ, ಬೇರೆ ಹಾಳೆಯಲ್ಲಿ ಬರೆದು ಅದರ ಜೊತೆಗಿಡಿರಿ. ಅಂಟು ಹಚ್ಚಬೇಡಿರಿ; ಮಡಿಕೆ ಬಿಡಿಸಿ, ಒಣಗಿದ ಜಾಗದಲ್ಲಿಡಿರಿ. ಒಂದು ಪ್ರತಿಯನ್ನು ಮಾಡಿಸಿ ಧರ್ಮಕೇಂದ್ರದ ಕಪಾಟಿನಲ್ಲಿ ಜ್ಞಾನಸ್ನಾನದ ದಫ್ತರಿನ ಬಳಿ ಇರಿಸಿದರೆ ಇನ್ನೂ ಒಳ್ಳೆಯದು. ನಮ್ಮವರಷ್ಟೇ ಅಲ್ಲ, ನೆರೆಮನೆಯ ಹಿಂದೂ, ಮುಸಲ್ಮಾನ ಬಂಧುಗಳಲ್ಲಿಯೂ ವಿಚಾರಿಸಿರಿ. ಒಂದೇ ರೈಲಿನಲ್ಲಿ ಹತ್ತಿ ಹೋದವರ ಓಲೆಗಳನ್ನು ಮತದ ಲೆಕ್ಕದಲ್ಲಿ ಬೇರ್ಪಡಿಸುವುದು ಸಲ್ಲದು.

ಬರುವ ನವೆಂಬರ್ 2ರಂದು ಮೃತರಿಗಾಗಿ ಪ್ರಾರ್ಥಿಸುವಾಗ ಊರಿನ ಸ್ಮಶಾನದಲ್ಲಿ ಗೋರಿಯಿಲ್ಲದವರನ್ನೂ ನೆನೆಯೋಣ. ಯಾರ ಮನೆಯಲ್ಲಾದರೂ ಅಂಥವನ ಹೆಸರು ಓಲೆಯೊಂದರ ಕೊನೆಯಲ್ಲಿ ಉಳಿದಿದ್ದರೆ, ಅದನ್ನು ಒಂದು ಚೀಟಿಯಲ್ಲಿ ಬರೆದು ಗುರುಗಳ ಕೈಗೆ ಕೊಡಿರಿ. ಸಂಖ್ಯೆಯಾಗಿ ಹೋದವನು ಆ ದಿನವಾದರೂ ಪೀಠದ ಮುಂದೆ ತನ್ನ ಹೆಸರಿನಿಂದ ಕರೆಯಲ್ಪಡಲಿ. ನಿತ್ಯ ವಿಶ್ರಾಂತಿಯನ್ನು ಪ್ರಭುವು ಅವರೆಲ್ಲರಿಗೂ ದಯಪಾಲಿಸಲಿ.